ಕದದವ್ವನ ದಿಬ್ಬ

ಹಾಲಗುಂದಿಯ ಹಳೆಯ ಕೋಟೆಯ ಬಡಗಣ ಅಗಸೆಬಾಗಿಲನ್ನು ದಾಟಿ, ನೇಕಾರರ ಓಣಿಗಳನ್ನು ಹಿಂದಕ್ಕೆ ಬಿಟ್ಟು, ಈಚೆಗೆ ಎದ್ದ ಬಡಾವಣೆಯ ಕೊನೆಯ ಮನೆಯ ತನಕ ನಡೆದರೆ ಅಲ್ಲಿಗೆ ಡಾಂಬರು ಮುಗಿದು ಕುರುಚಲು ಕಾಡು ಮೊದಲಾಗುತ್ತದೆ. ಬಂದರಿಕೆ, ತಂಗಡೆ, ಕವಳೆ, ನಡುನಡುವೆ ಕಳ್ಳಿ. ಆ ಕಾಡಿನ ಅಂಚಿಗೆ ಎರಡಾಳೆತ್ತರದ ಒಂದು ದಿಬ್ಬವಿದೆ. ದಿಬ್ಬದ ನೆತ್ತಿಯ ಮೇಲೊಂದು ಪುಟ್ಟ ಗುಡಿ. ಗುಡಿಯೆಂದರೆ ಮೂರು ಗೋಡೆ, ಮೇಲೊಂದು ಹಾಸುಗಲ್ಲಿನ ಮಾಡು, ಅಷ್ಟೆ. ಕಾಡಿನ ಕಡೆಗಿರಬೇಕಾದ ನಾಲ್ಕನೆಯ ಗೋಡೆಯನ್ನು ಯಾರೂ ಕಟ್ಟಿಯೇ ಇಲ್ಲ. ಒಳಗೆ ಮೂರ್ತಿಯಿಲ್ಲ, ಲಿಂಗವಿಲ್ಲ. ನೆಲದ ಮೇಲೆ ಅಂಗಾತ ಮಲಗಿಸಿದ ಒಂದು ಕಲ್ಲು ಮಾತ್ರ ಇದೆ. ಹಿಡಿಕೆಯ ಬಳೆ, ಅಗುಳಿ, ಮೊಳೆಗಳನ್ನೆಲ್ಲ ಕೆತ್ತಿರುವ ಆ ಕಲ್ಲು ಹಳೆಯ ಮನೆಯ ತಲಬಾಗಿಲಿನ ಕದವೆಂದು ನೋಡಿದ ಕೂಡಲೇ ತಿಳಿಯುತ್ತದೆ. ಕದದ ಒಂದು ಅಂಚಿನಲ್ಲಿ ನಾಲ್ಕು ಬೆರಳು ಹಿಡಿಯುವಷ್ಟು ತಗ್ಗು. ಬಂದವರು ಆ ತಗ್ಗಿನಲ್ಲಿ ಬೆರಳಿಟ್ಟು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಗೋಡೆಗೆ ಒರಗಿಸಿಟ್ಟ ಬಿದಿರುಕೋಲಿನಿಂದ ನೆಲವನ್ನು ಮೂರು ಸಲ ತಟ್ಟದೆ ಯಾರೂ ಒಳಗೆ ಕಾಲಿಡುವುದಿಲ್ಲ.

ಹೊಸ ಬಡಾವಣೆಯವರಿಗೆ ಈ ಗುಡಿ ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತದೆ. ತಮ್ಮ ಮನೆಗೆ ಆಳೆತ್ತರದ ಕಂಪೌಂಡು ಕಟ್ಟಿಸಿ, ಅದರ ಮೇಲೆ ಗಾಜಿನ ಚೂರು ನೆಡಿಸಿದವರಿಗೆ ಮೂರು ಗೋಡೆಯ ದೇವರು ಬಡಪಾಯಿ ಎನ್ನಿಸುವುದು ಸಹಜವೇ. ಕೆಲವು ವರ್ಷಗಳ ಹಿಂದೆ, ಆ ಕೊನೆಯ ಮನೆಯಲ್ಲಿರುವ ನಿವೃತ್ತ ಓವರ್‌ಸಿಯರ್ ಒಬ್ಬರು ನಾಲ್ಕನೆಯ ಗೋಡೆಗೂ ಕಬ್ಬಿಣದ ಗೇಟಿಗೂ ಅಳತೆ ತೆಗೆಯಲು ಟೇಪು ಹಿಡಿದು ಬಂದಿದ್ದರು. ಪೂಜೆ ಮಾಡುವ ಮನೆತನದ ಮುದುಕಿ ಗೌರವ್ವ ಟೇಪಿನ ತುದಿಯನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿ, "ಬ್ಯಾಡ್ರೀ ಯಪ್ಪಾ, ನಮ್ಮವ್ವಗ ಕದಾ ಹಾಕೂದಂದ್ರ ಆಗಿಬರೂದಿಲ್ಲ" ಎಂದಳಂತೆ. ಯಾಕೆ ಆಗಿಬರುವುದಿಲ್ಲ ಎಂದು ಕೇಳಿದವರಿಗೆ ಓಣಿಯ ಹಿರಿಯರು ಈ ಸಂಗತಿಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಹಾಲಗುಂದಿಯನ್ನು ದೇಸಾಯರು ಆಳುತ್ತಿದ್ದ ಕಾಲದಲ್ಲಿ, ಕೋಟೆಯೊಳಗೆ ಜಾಗ ಸಾಲದೆ ನೇಕಾರರ ನಲವತ್ತು ಮನೆಗಳನ್ನು ಅಗಸೆಯ ಆಚೆಗೆ, ಕಾಡಿನ ಮಗ್ಗುಲಿಗೆ ತಂದು ಕೂಡಿಸಿದರು ಎನ್ನುತ್ತಾರೆ. ಆ ನೆಲೆಗೆ ಹೊರಗೇರಿ ಎಂದು ಹೆಸರಾಯಿತು. ಮನೆಗಳೆಲ್ಲ ಒಂದೇ ಮಾದರಿಯವು. ಮುಂದೆ ಒಂದೇ ಬಾಗಿಲು, ಅದಕ್ಕೆ ಒಂಟಿ ಕದ. ಹಿಂದೆ ಕಾಡಿನ ಕಡೆಗೆ ಭರ್ತಿ ಮಣ್ಣಿನ ಗೋಡೆ. ಪಡಸಾಲೆಯ ತುಂಬ ಕುಣಿಮಗ್ಗ. ಕುಣಿಮಗ್ಗವೆಂದರೆ ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರ ದಂಡೆಯ ಮೇಲೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ತಳದಲ್ಲಿರುವ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ. ಅರಳೆಯ ನೂಲು ಒಣಗಿದರೆ ಹರಿಯುತ್ತದೆಂದು ಕುಣಿಗೆ ಆಗಾಗ ನೀರು ಚಿಮುಕಿಸಿ ತಂಪು ಮಾಡುತ್ತಿದ್ದರು. ನೂಲಿಗೆ ಬಿಗಿ ಬರಲೆಂದು ಗಂಜಿ ಕುಡಿಸುತ್ತಿದ್ದರು. ತಂಪಿಗೆ ಕಪ್ಪೆ ಬಂತು, ಗಂಜಿಯ ವಾಸನೆಗೆ ಇಲಿ ಬಂತು, ಇವೆರಡನ್ನೂ ಹುಡುಕಿಕೊಂಡು ಕಾಡಿನಿಂದ ಹಾವು ಬಂತು. ಹಾವಿನ ನೆಲದಲ್ಲಿ ಮನೆ ಕಟ್ಟಿದವರು ನಾವು ಎಂಬ ಮಾತು ಮಾತ್ರ ನಲವತ್ತು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊರಗೇರಿಯವರಿಗೆ ಒಂದು ರೂಢಿಯಿತ್ತು. ಯಾವ ಮನೆಯಲ್ಲಿ "ಹಾವು" ಎಂಬ ಕೂಗು ಎದ್ದರೂ ಮೊದಲು ಓಡಿ ಬಂದವನು ಆ ಮನೆಯ ಕದವನ್ನು ಎಳೆದು ಹಾಕಬೇಕು. ಕಂಡ ಹಾವನ್ನು ಬಿಟ್ಟರೆ ಅದು ಹಗೆ ಕಟ್ಟಿಕೊಂಡು ಮತ್ತೆ ಅದೇ ಮನೆಗೆ ಬರುತ್ತದೆ ಎಂಬ ಭಯ ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಕದ ಹಾಕಿದ ಮೇಲೆ ಮನೆಯ ಗಂಡಸು ಬಡಿಗೆ ಹಿಡಿದು ಒಳಗೆ ಹೋಗುವುದು, ಹೊರಗೆ ನಿಂತವರು ಕದವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಒಳಗೆ ಹೋದವನು ಎಷ್ಟೋ ಸಲ ಗೆದ್ದು ಬರುತ್ತಿದ್ದ. ಒಮ್ಮೊಮ್ಮೆ ಬರುತ್ತಿರಲಿಲ್ಲ. ಬಾರದವನನ್ನು ಶೂರನೆಂದು ಹೊಗಳಿ ಮಣ್ಣು ಮಾಡುತ್ತಿದ್ದರು. ಆ ರೂಢಿಯಲ್ಲೇ ಏನೋ ಎಡವಟ್ಟಿದೆ ಎಂದು ಯಾರಾದರೂ ಹೇಳಿದ್ದರೆ ಅವನನ್ನು ಹೇಡಿ ಎನ್ನುತ್ತಿದ್ದರು. ಊರೆಂದರೆ ಹಾಗೆಯೇ, ತಾನು ಮಾಡುತ್ತ ಬಂದದ್ದನ್ನು ತಪ್ಪು ಎನ್ನಲು ಅದಕ್ಕೆ ಬಾಯಿ ಬರುವುದಿಲ್ಲ.

ಆ ಓಣಿಯಲ್ಲಿ ಶಾಕವ್ವನೆಂಬ ಹೆಂಗಸಿದ್ದಳು. ಒಂದೆಳೆಯೂ ತಪ್ಪದಂತೆ ಅಂಚು ನೇಯುವ ಕೈ ಅವಳದು. ದೇಸಾಯರ ವಾಡೆಯ ಹೆಣ್ಣುಮಕ್ಕಳು ಶಾಕವ್ವನ ಕೈಯ ಸೀರೆಯೇ ಬೇಕೆಂದು ಹಟ ಹಿಡಿಯುತ್ತಿದ್ದರಂತೆ. ಅವಳ ಗಂಡ ಸಂಗಪ್ಪ ಹಾವು ಬಡಿಯಲು ಹೋಗಿ ಸತ್ತವನು. ಅಂದು ಹಾವು ಹೊಕ್ಕದ್ದು ಅವರ ಮನೆಗೇ. ಮಗ ಪರಪ್ಪ ಆಗ ಏಳು ವರ್ಷದ ಕೂಸು. ಸಂಗಪ್ಪ ಬಡಿಗೆ ಹಿಡಿದು ಒಳಗೆ ಹೋದ. ಓಣಿಯವರು ಬಂದು ಸೇರುವ ಮೊದಲೇ ಶಾಕವ್ವ ತಾನೇ ಕದ ಎಳೆದು, ಎರಡೂ ಕೈಯಿಂದ ಕದದ ಬಳೆ ಹಿಡಿದು ನಿಂತಳು. ಬಾಗಿಲ ಸಂದಿನಿಂದ ಅವಳಿಗೆ ಎಲ್ಲವೂ ಕಂಡಿತ್ತು. ಹಾವು ಮೊದಲು ಸಂಗಪ್ಪನ ಕಡೆ ಬರಲಿಲ್ಲ. ಗೋಡೆಗುಂಟ ಸರಿದು ಬಾಗಿಲಿಗೆ ಬಂತು, ಕದದ ಬುಡದಲ್ಲಿ ತಲೆಯಿಟ್ಟು ಹುಡುಕಿತು, ಸಂದು ಸಾಲದೆ ತಿರುಗಿತು, ಮತ್ತೊಂದು ಮೂಲೆಗೆ ಹೋಯಿತು, ಪುನಃ ಬಾಗಿಲಿಗೇ ಬಂತು. ಮೂರನೆಯ ಸಲ ತಿರುಗುವ ಹೊತ್ತಿಗೆ ಸಂಗಪ್ಪ ಬಡಿಗೆ ಎತ್ತಿದ್ದ. ಆಮೇಲಿನದನ್ನು ನೋಡಲು ಶಾಕವ್ವ ಕಣ್ಣು ತೆರೆದಿರಲಿಲ್ಲ.

ಓಣಿ ಹಾವನ್ನು ಬೈಯಿತು, ಸಂಗಪ್ಪನಿಗೆ ಕಣ್ಣೀರು ಹಾಕಿತು, ಕದ ಹಿಡಿದ ಶಾಕವ್ವನನ್ನು ಗಟ್ಟಿಗಿತ್ತಿ ಎಂದು ಮೆಚ್ಚಿತು. ಆ ಮೆಚ್ಚುಗೆ ಅವಳನ್ನು ಸುಟ್ಟಷ್ಟು ಬೈಗುಳವೂ ಸುಡುತ್ತಿರಲಿಲ್ಲ. ಪಾಪ, ಯಾರಲ್ಲಿ ಹೇಳಿಕೊಂಡಾಳು? ಮಗ ಅಪ್ಪನನ್ನು ಕೊಂದ ಹಾವಿನ ಕತೆ ಕೇಳುತ್ತಲೇ ಬೆಳೆದ, ಹಲ್ಲು ಕಚ್ಚುವುದನ್ನು ಕಲಿತ. ಅವಳು ಒಳಗಿನದನ್ನು ಒಳಗೇ ಇಟ್ಟುಕೊಂಡು ಲಾಳಿ ಎಸೆದಳು. ಆದರೆ ಅಂದಿನಿಂದ ಹಾವು ಕಂಡಾಗ ಅವಳು ಕೂಗುವುದನ್ನು ಬಿಟ್ಟಳು. ಹಿತ್ತಿಲ ಗೋಡೆಯ ಬಳಿ, ಕಟ್ಟಿಗೆಯ ಒಟ್ಟಿಲ ಹತ್ತಿರ ಹಾವು ಕಾಣಿಸಿದರೆ ದೂರ ಸರಿದು, ಅಲ್ಲಾಡದೆ ನಿಂತು ನೋಡುವಳು. ನಿಂತಷ್ಟೂ ಹೊತ್ತು ಅವಳಿಗೆ ಒಂದೇ ಸಂಗತಿ ಮನದಟ್ಟಾಗುತ್ತಿತ್ತು: ಇದಕ್ಕೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ, ನಮ್ಮಷ್ಟೇ ಇದೂ ಹೆದರಿದೆ, ದಾರಿ ಕಂಡರೆ ಹೋಗಿಬಿಡುತ್ತದೆ. ಹಾಗೆ ಹೋಗಿಬಿಟ್ಟ ಹಾವುಗಳನ್ನು ಅವಳು ಹದಿನೈದು ವರ್ಷದಲ್ಲಿ ಎಷ್ಟು ನೋಡಿದ್ದಳೋ ಲೆಕ್ಕವಿಲ್ಲ.

ಪರಪ್ಪ ದೊಡ್ಡವನಾದ. ಹೂವವ್ವನೆಂಬ ಹುಡುಗಿಯನ್ನು ಸೊಸೆಯಾಗಿ ತಂದರು. ಶಾಕವ್ವ ತನ್ನ ಮಗ್ಗವನ್ನೇ ಅವಳಿಗೆ ಬಿಟ್ಟುಕೊಟ್ಟು, ಅಂಚಿನ ಕೆಲಸಕ್ಕೆ ಮಾತ್ರ ತಾನು ಕೂಡುತ್ತ, ಉಳಿದ ಹೊತ್ತು ಬಾಗಿಲ ಬಳಿ ರಾಟಿಯಿಟ್ಟುಕೊಂಡು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹೂವವ್ವನಿಗೆ ಏಳು ತಿಂಗಳು ತುಂಬಿದ ಬೇಸಿಗೆಯಲ್ಲಿ ಆ ದಿನ ಬಂತು. ಬೆಳಗಿನ ಹೊತ್ತು. ಗಂಡಸರೆಲ್ಲ ಓಣಿಯ ಉದ್ದಕ್ಕೂ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಬಿಗಿದು ಕಟ್ಟಿ, ಕುಂಚದಿಂದ ಗಂಜಿ ಸವರುತ್ತಿದ್ದರು. ಗಂಜಿ ಒಣಗುವ ಮೊದಲೇ ಸವರಿ ಮುಗಿಸಬೇಕಾದ ಅವಸರದ ಕೆಲಸ ಅದು. ಹೆಂಗಸರು ಒಳಗೆ ಮಗ್ಗದಲ್ಲಿ. ಗಂಜಿ ಮಡಕೆಯ ಹಿಂದಿನಿಂದ ಒಂದು ಇಲಿ ಜಿಗಿದು ಕುಣಿಯೊಳಗೆ ಬಿದ್ದದ್ದನ್ನು ಶಾಕವ್ವ ಕಂಡಳು. ಅದರ ಬೆನ್ನಿಗೇ ಗೋಡೆಗುಂಟ ಬಂದ ನಾಗರಹಾವು, ಮಾರುದ್ದದ್ದು, ಸದ್ದಿಲ್ಲದೆ ಕುಣಿಗೆ ಇಳಿಯಿತು. ಹೂವವ್ವನ ಎರಡು ಕಾಲೂ ಆ ಕುಣಿಯಲ್ಲಿದ್ದವು.

"ಹೂವವ್ವಾ, ತುಳಿಯೂದು ನಿಂದ್ರಸು. ಕಾಲು ಅಳ್ಳಾಡಿಸಬ್ಯಾಡ. ಕೆಳಗ ನೋಡಬ್ಯಾಡ ನನ್ನವ್ವಾ, ನನ್ನ ಮಾರೀನ ನೋಡು" ಎಂದಳು ಶಾಕವ್ವ. ಅಡಿಗೆಗೆ ಉಪ್ಪು ಕೇಳುವಾಗಿನ ದನಿಯಲ್ಲೇ ಹೇಳಿದಳಂತೆ. ಹೂವವ್ವನಿಗೆ ಅಷ್ಟರಲ್ಲಿ ಪಾದದ ಮೇಲೆ ಏನೋ ತಣ್ಣಗೆ ಹರಿದುಹೋದದ್ದು ತಿಳಿದಿತ್ತು. ಅವಳು ಅತ್ತೆಯ ಮುಖದಲ್ಲಿ ಕಣ್ಣು ನೆಟ್ಟಳು. ಆ ಮುಖದಲ್ಲಿ ಹೆದರಿಕೆ ಕಾಣಲಿಲ್ಲ; ಕಂಡಿದ್ದರೆ ಅವಳು ಖಂಡಿತವಾಗಿ ಕಾಲು ಎಳೆದುಕೊಳ್ಳುತ್ತಿದ್ದಳು. ಶಾಕವ್ವ ಕೂತಲ್ಲೇ ಕೈಚಾಚಿ ಕದವನ್ನು ಇನ್ನಷ್ಟು ಒಳಕ್ಕೆ ಸರಿಸಿದಳು. ಬಾಗಿಲು ಪೂರ್ತಿ ತೆರೆದಿರಲಿ, ಇಲಿ ನುಂಗಿದ ಮೇಲೆ ಅದು ತನ್ನ ಪಾಡಿಗೆ ತಾನು ಹೋಗುತ್ತದೆ ಎಂಬುದು ಅವಳ ಎಣಿಕೆ.

ಆದರೆ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಥಟ್ಟನೆ ನಿಂತರೆ ನೆರೆಮನೆಯವರಿಗೆ ಮೊದಲು ತಿಳಿಯುತ್ತದೆ. ಬಸುರಿಗೆ ಏನಾಯಿತೋ ಎಂದು ಪಕ್ಕದ ಮನೆಯವಳು ಇಣುಕಿದಳು, ಕುಣಿಯಲ್ಲಿ ಎದ್ದ ಹೆಡೆ ಕಂಡು, "ಹಾವು ಹಾವು!" ಎಂದು ಓಣಿ ಹಾರುವಂತೆ ಕಿರುಚಿಕೊಂಡಳು. ಗಂಡಸರು ಕುಂಚ ಎಸೆದು, ಬಡಿಗೆ ಹಿಡಿದು ಓಡಿ ಬಂದರು. ಹಿಂದೆಯೇ ಹಾಲಿನ ಗಿಂಡಿ, ಅರಿಸಿನ ಹಿಡಿದ ಹೆಂಗಸರು. ಬಡಿಯುವವರಿಗೂ ಕೈಮುಗಿಯುವವರಿಗೂ ಅಂದು ಆ ಒಂದೇ ಬಾಗಿಲು ಬೇಕಾಗಿತ್ತು. ಎಲ್ಲರಿಗಿಂತ ಮೊದಲು ಬಂದವನು ಪರಪ್ಪ. ಹೆಂಡತಿ ಒಳಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನಿಗೆ ಹದಿನೈದು ವರ್ಷದಿಂದ ಹೊತ್ತ ಸಿಟ್ಟು ಒಂದೆಡೆ, ಹುಟ್ಟಿದಾಗಿನಿಂದ ಕಂಡ ರೂಢಿ ಇನ್ನೊಂದೆಡೆ. ತಲೆಗಿಂತ ಮೊದಲು ಕೈ ಓಡಿತು. ಬಳೆ ಹಿಡಿದು ಕದವನ್ನು ಬಲವಾಗಿ ಎಳೆದ.

ಕದ ಚೌಕಟ್ಟಿಗೆ ಕೂಡುವುದರೊಳಗೆ ಶಾಕವ್ವ ತನ್ನ ಬಲಗೈಯನ್ನು ನಡುವೆ ಇಟ್ಟಳು. ತೇಗಿನ ಕದ ನಾಲ್ಕೂ ಬೆರಳಿನ ಮೇಲೆ ಬಂದು ಬಡಿಯಿತು. ಕದ ಯಾಕೆ ಕೂಡುತ್ತಿಲ್ಲವೆಂದು ಪರಪ್ಪ ಇನ್ನೊಮ್ಮೆ ಜಗ್ಗಿದ, ಮತ್ತೊಮ್ಮೆ ಜಗ್ಗಿದ. ಒಳಗೆ ಸೊಸೆ ತನ್ನ ಮುಖವನ್ನೇ ನೋಡುತ್ತಿದ್ದಾಳೆ. ಈ ಮುಖ ಒಂದು ಗೆರೆ ಅಲುಗಿದರೆ ಆ ಕಾಲು ಅಲುಗುತ್ತದೆ. ಶಾಕವ್ವ ಹುಬ್ಬು ಗಂಟಿಕ್ಕಲಿಲ್ಲ, ತುಟಿ ಕಚ್ಚಲಿಲ್ಲ. ಸೊಸೆಯ ಕಡೆ ನೋಡುತ್ತಲೇ ಸ್ವಲ್ಪ ನಕ್ಕಳು ಎಂದೂ ಕೆಲವರು ಹೇಳುತ್ತಾರೆ. ನಕ್ಕಳೋ ಇಲ್ಲವೋ, ದನಿ ಮಾತ್ರ ನಡುಗಲಿಲ್ಲ. "ಪರಪ್ಪಾ, ಕದಾ ಬಿಡೋ" ಎಂದಳು.

ಪರಪ್ಪ ಆಗ ಕೆಳಗೆ ನೋಡಿದ. ಸಂದಿನಲ್ಲಿ ಅವ್ವನ ಬೆರಳುಗಳಿದ್ದವು, ಚೌಕಟ್ಟಿನಗುಂಟ ರಕ್ತ ಇಳಿಯುತ್ತಿತ್ತು. ಬಡಿಗೆ ಕೈಯಿಂದ ಜಾರಿತು. ಬಾಯಿ ತೆರೆದ, ಆದರೆ ಅವ್ವ ಕಣ್ಣಲ್ಲೇ ಬೇಡವೆಂದಳು. "ಎಲ್ಲಾರ್ನೂ ಕರಕೊಂಡು ಓಣಿ ತುದೀಗೆ ಹೋಗು. ನಾಯೀನೂ ಹಿಡಕೊಂಡ ಹೋಗು. ಒಬ್ಬರೂ ಕೂಗಬಾರದು, ಒಬ್ಬರೂ ಇಣಿಕಬಾರದು" ಎಂದಳು. ಆ ದಿನ ಅವನು ಅವ್ವನ ಮಾತನ್ನು ಯಾಕೆಂದು ಕೇಳದೆ ನಡೆಸಿದ. ಬಡಿಗೆಯವರನ್ನು ತಳ್ಳಿದ, ಹಾಲಿನವರಿಗೆ ಕೈಮುಗಿದ, ಎಲ್ಲರನ್ನೂ ದನ ಅಟ್ಟಿದಂತೆ ಅಟ್ಟಿಕೊಂಡು ಅಗಸೆಯ ತನಕ ಹೋದ. ಶಾಕವ್ವ ಕದವನ್ನು ಪೂರ್ತಿ ತೆರೆದು, ಮೆಲ್ಲಗೆ ಎದ್ದು, ಬಾಗಿಲಿಗೆ ದೂರವಾದ ಮೂಲೆಗೆ ಸರಿದು, ಸೊಸೆಗೆ ಮುಖ ಕಾಣುವಂತೆ ನಿಂತಳು. ಜಜ್ಜಿದ ಕೈಯನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಂಡಳು.

ಓಣಿ ಬರಿದಾಯಿತು. ನಲವತ್ತು ಮನೆಯ ಹಾಸು ಬಿಸಿಲಿಗೆ ಒಣಗಿ ಗಂಜಿ ಗಟ್ಟಿ ಕಟ್ಟಿತು, ಅಷ್ಟೂ ನೂಲು ಹಾಳಾಯಿತು. ಒಂದು ಗಳಿಗೆ ಕಳೆಯಿತು, ಎರಡು ಗಳಿಗೆ ಕಳೆಯಿತು. ಹೂವವ್ವನ ಹೊಟ್ಟೆಯಲ್ಲಿ ಕೂಸು ಒದೆಯಿತು; ಅವಳು ಮಾತ್ರ ಅಲುಗಲಿಲ್ಲ. "ಅತ್ತೀ, ಕಾಲು ಜೋಮು ಹಿಡಿದೈತಿ" ಎಂದು ತುಟಿಯಲ್ಲೇ ಅಂದಳು. "ಹಿಡೀಲಿ ಬಿಡು, ಕೂಸಿನ ಹೆಸರು ಏನಿಡೂಣು ಹೇಳು" ಎಂದಳು ಶಾಕವ್ವ. ಹೀಗೆ ಅತ್ತೆ ಸೊಸೆ ಹೆಸರು ಹುಡುಕುತ್ತಿರುವಾಗ ಹಾವು ಕುಣಿಯ ಅಂಚಿಗೆ ತಲೆಯಿಟ್ಟಿತು, ಹಾಸಿನ ಕೆಳಗಿನಿಂದ ಹೊರಬಂತು, ಗೋಡೆಗುಂಟ ಸರಿದು ಬಾಗಿಲಿಗೆ ಬಂತು. ಹದಿನೈದು ವರ್ಷದ ಹಿಂದೆ ಇನ್ನೊಂದು ಹಾವು ತಲೆಯಿಟ್ಟು ಹುಡುಕಿದ ಜಾಗದಲ್ಲೇ ಇದೂ ಒಂದು ಕ್ಷಣ ನಿಂತಿತು. ಅಲ್ಲಿ ಕದ ಇರಲಿಲ್ಲ, ಬಿಸಿಲಿತ್ತು. ಹಾವು ಹೊಸ್ತಿಲು ದಾಟಿ, ಮನೆಯನ್ನು ಬಳಸಿ, ಹಿಂದಿನ ದಿಬ್ಬದ ಮೇಲೆ ಹಾಯ್ದು ಕಾಡಿಗೆ ಹೋಯಿತು. ಅಗಸೆಯ ಬಳಿ ನಿಂತವರು ಅದು ಹೋದದ್ದನ್ನು ನೋಡಿದರು. ಯಾರ ಕಡೆಗೂ ಅದು ತಿರುಗಿ ನೋಡಲಿಲ್ಲ.

ಸೊಸೆಯನ್ನು ಕುಣಿಯಿಂದ ಎತ್ತಿ ಕೂಡಿಸಿದ ಮೇಲೆಯೇ ಶಾಕವ್ವ ನೆಲಕ್ಕೆ ಕುಸಿದದ್ದು. ಸೆರಗು ಬಿಚ್ಚಿದಾಗ ಆ ಕೈಯನ್ನು ನೋಡಿ ಹೂವವ್ವ ಗೋಳೋ ಎಂದು ಅತ್ತಳು. ಓಣಿಯೆಲ್ಲ ಸುತ್ತ ಸೇರಿತ್ತು. ಆಗ ಶಾಕವ್ವ ಹದಿನೈದು ವರ್ಷ ನುಂಗಿಕೊಂಡಿದ್ದ ಮಾತನ್ನು ಎಲ್ಲರೆದುರು ಆಡಿದಳು. "ನಿಮ್ಮಪ್ಪನ್ನ ಹಾವು ಕೊಂದಿಲ್ಲೋ ಪರಪ್ಪಾ. ಅದು ಮೂರು ಸಲ ಬಾಗಲಕ್ಕ ಬಂದಿತ್ತು. ಕದಾ ಹಿಡಕೊಂಡು ನಿಂತಾಕಿ ನಾನು." ಪರಪ್ಪ ಅವ್ವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಇವತ್ತ ಹಿಡಿದಾಂವ ನಾನು, ಯವ್ವಾ" ಎಂದ.

ಆ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ಅಂಚು ನೇಯುವ ಕೈ ಅಲ್ಲಿಗೆ ಮುಗಿಯಿತು. ನೇಕಾರಳಿಗೆ ಅದು ಎಂಥ ನಷ್ಟವೆಂದು ನೇಕಾರರಿಗೇ ಗೊತ್ತು. ಮರುದಿನ ಪರಪ್ಪ ತಲಬಾಗಿಲಿನ ಕದವನ್ನು ತಿರುಗಣಿಯಿಂದ ಕಿತ್ತು, ಬೆನ್ನ ಮೇಲೆ ಹೊತ್ತು, ಹಾವು ಹಾಯ್ದುಹೋದ ದಿಬ್ಬದ ಮೇಲೆ ಅಂಗಾತ ಮಲಗಿಸಿ ಬಂದ. ಶಾಕವ್ವ ಬದುಕಿರುವ ತನಕ ಆ ಮನೆಗೆ ಕದವಿರಲಿಲ್ಲ, ಜೋಳದ ದಂಟಿನ ತಟ್ಟಿಯಿತ್ತು. ಹೊರಗೇರಿಯವರು ಒಬ್ಬೊಬ್ಬರಾಗಿ ಹಿಂದಿನ ಮಣ್ಣಿನ ಗೋಡೆಯಲ್ಲಿ ಕಾಡಿನ ಕಡೆಗೆ ಕಿರುಬಾಗಿಲು ತೆಗೆದರು. ಗಂಜಿ ಮಡಕೆಗೆ ಮುಚ್ಚಳ ಬಂತು, ಕಟ್ಟಿಗೆಯ ಒಟ್ಟಿಲು ಮನೆಯಿಂದ ದೂರ ಹೋಯಿತು. ಕುಣಿಗೆ ಕಾಲಿಡುವ ಮುಂಚೆ ಕೋಲಿನಿಂದ ಮೂರು ಸಲ ತಟ್ಟುವ ಪದ್ಧತಿ ಆಗ ಶುರುವಾದದ್ದು. ಹೂವವ್ವನಿಗೆ ಹೆಣ್ಣುಕೂಸು ಹುಟ್ಟಿತು. ಶಾಕವ್ವ ತೀರಿಕೊಂಡ ಮೇಲೆ ಓಣಿಯವರು ದಿಬ್ಬದ ಮೇಲಿನ ಕದಕ್ಕೆ ಮಳೆಗಾಳಿ ಬಡಿಯದಿರಲೆಂದು ಗೋಡೆ ಎಬ್ಬಿಸಿದರು. ಮೂರನೆಯದು ಮುಗಿದು ನಾಲ್ಕನೆಯದಕ್ಕೆ ಕಲ್ಲು ಹೊತ್ತಾಗ ಹೂವವ್ವ ಅಡ್ಡ ನಿಂತು, ಈ ಕಡೆ ಬೇಡ ಎಂದಳಂತೆ. ಮರದ ಕದವನ್ನು ಗೆದ್ದಲು ತಿಂದ ಮೇಲೆ ಅದರ ಅಳತೆಗೇ ಕಲ್ಲಿನ ಕದ ಕೆತ್ತಿಸಿದರು. ದಿಬ್ಬಕ್ಕೆ ಕದದವ್ವನ ದಿಬ್ಬ ಎಂಬ ಹೆಸರು ನಿಂತಿತು.

ಇಂದು ಅಲ್ಲಿಗೆ ಹೋದವರಿಗೆ ಎಡಗೋಡೆಯ ಮೇಲೆ ದಪ್ಪ ಅಕ್ಷರದ ಬರಹವೊಂದು ಕಾಣುತ್ತದೆ: "ಹಾವು ಕಂಡರೆ ದೂರ ನಿಲ್ಲಿರಿ, ದಾರಿ ಬಿಡಿರಿ, ಹಿಡಿಯಲು ಬಲ್ಲವರನ್ನು ಕರೆಯಿರಿ. ಕಚ್ಚಿಸಿಕೊಂಡವರನ್ನು ಇಲ್ಲಿಗೆ ತರಬಾರದು. ನೆಟ್ಟಗೆ ದೊಡ್ಡ ದವಾಖಾನೆಗೆ ಒಯ್ಯಿರಿ." ಕೆಳಗೆ ಹಾವು ಹಿಡಿಯುವವರ ಫೋನ್ ನಂಬರು. ಭಕ್ತರನ್ನು ಬರಬೇಡಿ ಎನ್ನುವ ದೇವರು ನಾಡಿನಲ್ಲಿ ಇನ್ನೆಷ್ಟಿವೆಯೋ ಕಾಣೆ. ಅದನ್ನು ಬರೆಯಿಸಿದವರು ಅಂದು ಟೇಪು ಹಿಡಿದು ಬಂದಿದ್ದ ಅದೇ ಓವರ್‌ಸಿಯರ್. ಅವರ ಆಳೆತ್ತರದ ಕಂಪೌಂಡಿನೊಳಗೆ ಕಳೆದ ಬೇಸಿಗೆಯಲ್ಲಿ ಹಾವೊಂದು ಸಿಕ್ಕಿಕೊಂಡು, ಹೊರಗೆ ಹೋಗಲು ದಾರಿ ಕಾಣದೆ ಗೋಡೆಗುಂಟ ಸುತ್ತುತ್ತಿತ್ತಂತೆ. ಅವರು ಮನೆಯವರನ್ನೆಲ್ಲ ಒಳಗೆ ಕಳಿಸಿ, ಗೇಟು ತೆರೆದಿಟ್ಟು, ದೂರದಿಂದ ಅದರ ಮೇಲೆ ಕಣ್ಣಿಟ್ಟು ನಿಂತು ಫೋನ್ ಮಾಡಿದರು. ಹಿಡಿಯುವವನು ಬರುವ ಮೊದಲೇ ಹಾವು ಹೋಗಿತ್ತು.

ಹೊರಗೇರಿಯ ಬಸುರಿಯರನ್ನು ಏಳನೆಯ ತಿಂಗಳಲ್ಲಿ ಅತ್ತೆಯಂದಿರು ದಿಬ್ಬಕ್ಕೆ ಕರೆದುಕೊಂಡು ಹೋಗುವುದು ಈಗಲೂ ಇದೆ. ಕೋಲಿನಿಂದ ಮೂರು ಸಲ ತಟ್ಟಿ ಒಳಗೆ ಹೋಗುತ್ತಾರೆ. ಹಣ್ಣುಕಾಯಿ ಏನೂ ಬೇಕಿಲ್ಲ. ಅತ್ತೆ ಕದದ ಮುಂದೆ ಕುಳಿತು ಬಲಗೈಯ ನಾಲ್ಕು ಬೆರಳನ್ನು ಆ ತಗ್ಗಿನಲ್ಲಿ ಇಡುತ್ತಾಳೆ. ಸೊಸೆ ಎದುರಿಗೆ ಕುಳಿತು, ಗೌರವ್ವ ಸಾಕು ಎನ್ನುವ ತನಕ, ಅತ್ತೆಯ ಮುಖವನ್ನು ನೋಡುತ್ತಿರುತ್ತಾಳೆ.